ಜನವರಿ ಒಂದರಂದು ಹುಟ್ಟಿದ ಹುಡುಗ

ಮಲ್ಪೆ ಮೀನುಗಾರಿಕಾ ಬಂದರಿನ ದಕ್ಕೆಯಲ್ಲಿ ಬೆಳಗಿನ ಜಾವ ಮೀನು ಇಳಿಸುವ ಹೊತ್ತು. ಮಂಜುಗಡ್ಡೆ ತುಂಬಿ ತುಂಬಿ ಹುಡುಗನ ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ಮುಳ್ಳು ಚುಚ್ಚಿದ ಬೆರಳಿಗೆ ಹಳೆಯ ಬಟ್ಟೆ ಸುತ್ತಿಕೊಂಡಿದ್ದ. ವಯಸ್ಸೆಷ್ಟು ಎಂದರೆ ಪಾಠ ಒಪ್ಪಿಸುವವನಂತೆ "ಹದಿನಾರು" ಎಂದ. ಅವನನ್ನು ಕರೆತಂದಿದ್ದ ಮೇಸ್ತ್ರಿ ಮೊಬೈಲಿನಲ್ಲಿದ್ದ ಆಧಾರ್ ತೋರಿಸಿ, "ನೋಡಿ ಮೇಡಂ, ಹದಿನಾಲ್ಕು ಯಾವಾಗಲೋ ದಾಟಿದೆ" ಎಂದ. ಹುಟ್ಟಿದ ದಿನ ಜನವರಿ 1.

ಉಡುಪಿಯಲ್ಲಿ ನಾನು ಮಕ್ಕಳ ರಕ್ಷಣೆಯ ಕ್ಷೇತ್ರ ಕಾರ್ಯಕರ್ತೆ. ಮಗುವಿನ ಗುರುತು ಬಯಲು ಮಾಡುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಹಾಗಾಗಿ ಹುಡುಗನ ಹೆಸರು, ಊರು ಇಲ್ಲಿಲ್ಲ. ಘಟ್ಟದ ಮೇಲಿನವನು ಎಂದಷ್ಟೇ ತಿಳಿಯಿರಿ.

ಮೇಸ್ತ್ರಿಗೆ ಕಾನೂನು ಅರ್ಧ ಗೊತ್ತಿತ್ತು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಹದಿನಾಲ್ಕು ತುಂಬದವರನ್ನು ಬಹುತೇಕ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಹದಿನಾಲ್ಕರಿಂದ ಹದಿನೆಂಟರವರಿಗೆ ಅಪಾಯಕಾರಿ ಕೆಲಸಗಳಷ್ಟೇ ನಿಷಿದ್ಧ. ಅವನಿಗೆ ಗೊತ್ತಿಲ್ಲದ್ದು ವಯಸ್ಸನ್ನು ನಿರ್ಧರಿಸುವ, ಬಾಲನ್ಯಾಯ ಕಾಯ್ದೆಯ 94ನೇ ಸೆಕ್ಷನ್. ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಆ ಸಾಲಿನಲ್ಲಿ ಆಧಾರ್ ಇಲ್ಲವೇ ಇಲ್ಲ. ಅವನ ಊರಿನ ಮುಖ್ಯೋಪಾಧ್ಯಾಯರಿಗೆ ಫೋನ್ ಮಾಡಿದೆ. ಮಧ್ಯಾಹ್ನದೊಳಗೆ ದಾಖಲಾತಿ ವಹಿಯ ಪುಟದ ಚಿತ್ರ ಬಂತು. ಅಲ್ಲಿ ಜೂನ್ 1! ನಮ್ಮ ಶಾಲೆಗಳಲ್ಲಿ ಅರ್ಧ ಮಕ್ಕಳು ಹುಟ್ಟುವುದೇ ಜೂನ್ ಒಂದಕ್ಕೆ; ಬರೆದುಕೊಂಡ ಮೇಷ್ಟ್ರುಗಳೇ ಅದಕ್ಕೆ ಉತ್ತರ ಹೇಳಬೇಕು. ಆದರೂ ಕಾಯ್ದೆ ಮೊದಲು ನೋಡುವುದು ಅದನ್ನೇ. ಆ ಲೆಕ್ಕದಲ್ಲಿ ಹುಡುಗನಿಗೆ ಹದಿಮೂರು ದಾಟಿ ಎರಡೇ ತಿಂಗಳು.

ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪಡಿಸಿದೆವು. ಬಾಲಮಂದಿರದಲ್ಲಿ ಇರಿಸಲು ಆದೇಶವಾಯಿತು. ಹದಿನೈದು ದಿನದೊಳಗೆ ಸಾಮಾಜಿಕ ತನಿಖಾ ವರದಿ ಸಲ್ಲಿಸುವ ಹೊಣೆ ನನ್ನದು. ನಾನು ಎಡವಿದ್ದು ಇಲ್ಲಿ.

"ತಂದೆ ಮದ್ಯವ್ಯಸನಿ. ಮನೆಯ ವಾತಾವರಣ ಮಗುವಿಗೆ ಪೂರಕವಾಗಿಲ್ಲ" ಎಂದು ಬರೆದೆ. ಎಷ್ಟು ವರದಿಗಳಲ್ಲಿ ಇದೇ ಸಾಲು ಬರೆದಿದ್ದೆನೋ, ಕೈಗೆ ರೂಢಿಯಾಗಿತ್ತು. ಸಮಿತಿಯ ಸದಸ್ಯೆಯೊಬ್ಬರು ಕನ್ನಡಕ ಕೆಳಗಿಳಿಸಿ ಕೇಳಿದರು: "ಇದನ್ನು ನಿಮಗೆ ಹೇಳಿದವರು ಯಾರು?"

ಮೇಸ್ತ್ರಿ, ಎಂದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಹುಡುಗ ತಲೆಯೆತ್ತಿ ನನ್ನನ್ನು ನೋಡಿ, "ಅಪ್ಪ ಕುಡಿಯುವುದಿಲ್ಲ ಅಕ್ಕಾ" ಎಂದ. ಅಲ್ಲಿಯವರೆಗೆ ಅವನು ನನ್ನನ್ನು ಏನೆಂದೂ ಕರೆದಿರಲಿಲ್ಲ.

ಅವನ ಜಿಲ್ಲೆಯ ಕಾರ್ಯಕರ್ತರು ಮನೆಗೆ ಹೋಗಿ ಬಂದು ಬರೆದದ್ದು ಬೇರೆಯೇ ಕಥೆ. ಅಪ್ಪ ಕಟ್ಟಡದಿಂದ ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ಅಮ್ಮ ಕೂಲಿಗೆ ಹೋಗುತ್ತಾಳೆ. ಮೇಸ್ತ್ರಿ ಕೊಟ್ಟ ಮುಂಗಡ ಆಸ್ಪತ್ರೆಗೆ ಖರ್ಚಾಗಿದೆ. ನನ್ನ ಆ ಎರಡು ಸಾಲು ಹಾಗೆಯೇ ಉಳಿದಿದ್ದರೆ ಹುಡುಗ ಬಾಲಮಂದಿರದಲ್ಲೇ ಎಷ್ಟು ಕಾಲ ಇರುತ್ತಿದ್ದನೋ! ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಬೇಕು ಎಂದು ಬಾಲನ್ಯಾಯ ಕಾಯ್ದೆಯ 3ನೇ ಸೆಕ್ಷನ್ನೇ ಹೇಳುತ್ತದೆ. ತರಬೇತಿಯಲ್ಲಿ ಅದನ್ನು ಟಿಪ್ಪಣಿ ಮಾಡಿಕೊಂಡಿದ್ದವಳು ನಾನು.

ಈಗ ನನ್ನ ವರದಿಯ ಪ್ರತಿ ಸಾಲಿನಲ್ಲೂ ಹೇಳಿದವರು ಯಾರು ಎಂಬುದಿರುತ್ತದೆ: "ತಾಯಿ ಹೇಳಿದಂತೆ", "ನೆರೆಯವರ ಪ್ರಕಾರ", "ನಾನು ಕಂಡಂತೆ". ಓದಲು ಕುಂಟುತ್ತದೆ, ಕುಂಟಲಿ. ಗುಣವಿಶೇಷಣ ಬರೆಯಲು ಕೈ ಹೋದಾಗ ನಿಲ್ಲಿಸಿ, ಕಣ್ಣಿಗೆ ಬಿದ್ದದ್ದನ್ನು ಬರೆಯುತ್ತೇನೆ. ಮಗುವಿನ ಬಾಯಿಂದ ಬಂದದ್ದನ್ನು ಅದರದೇ ಮಾತಿನಲ್ಲಿ ಇಡುತ್ತೇನೆ, ತಿದ್ದುವುದಿಲ್ಲ.

ಮೂರನೆಯ ವಾರ ಅಮ್ಮ ರಾತ್ರಿ ಬಸ್ಸಿನಲ್ಲಿ ಬಂದಳು. ಸಮಿತಿ ಮಗನನ್ನು ಅವಳಿಗೆ ಒಪ್ಪಿಸಿತು. ಮಿಷನ್ ವಾತ್ಸಲ್ಯ ಎಂಬ ಮಕ್ಕಳ ರಕ್ಷಣಾ ಯೋಜನೆಯ ಪ್ರಾಯೋಜಕತ್ವಕ್ಕೆ, ಅಂದರೆ ತಿಂಗಳಿಗೆ 4,000 ರೂಪಾಯಿ ನೆರವಿಗೆ, ಅವರ ಜಿಲ್ಲೆಯಲ್ಲಿ ಅರ್ಜಿ ಹಾಕಿಸಿದೆವು. ಮಂಜೂರಾಗಲು ತಿಂಗಳುಗಳೇ ಹಿಡಿದವು. ಆ ಅವಧಿಯಲ್ಲಿ ಅವನು ಮತ್ತೆ ದಕ್ಕೆಗೆ ಬಂದುಬಿಟ್ಟಾನೆಂಬ ಭಯಕ್ಕೆ ವಾರಕ್ಕೊಮ್ಮೆ ಶಾಲೆಗೆ ಫೋನ್ ಮಾಡುತ್ತಿದ್ದೆ.

ಮುಂದಿನ ಜೂನ್‌ನಲ್ಲಿ ಅವನೇ ಫೋನ್ ಮಾಡಿದ. ಎಂಟನೆಯ ತರಗತಿಯಂತೆ. ಗಣಿತ ಕಷ್ಟವಂತೆ. ಆಮೇಲೆ ಸ್ವಲ್ಪ ತಡೆದು ಕೇಳಿದ: "ಅಕ್ಕಾ, ಈಗ ಬೋಟುಗಳೆಲ್ಲ ದಡದಲ್ಲೇ ಇವೆಯಾ?"

ಇವೆ, ಮಳೆಗಾಲದ ಮೀನುಗಾರಿಕೆ ನಿಷೇಧ ಇದೆಯಲ್ಲ, ಜುಲೈ ಮುಗಿಯುವವರೆಗೆ, ಎಂದೆ.