ತಲೆಗೂದಲು ತೆಳುವಾಗುತ್ತಿದ್ದರೆ ಕಟಿಂಗ್ ಮಾಡಿಸುವುದು ಹೇಗೆ: ಕೊಡಗಿನ ಮಳೆಗೂ ನಿಲ್ಲುವಂತೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಕೊಡೆ ಹಿಡಿದು ಹೋದರೂ ತಲೆ ನೆನೆಯುತ್ತದೆ. ನೆನೆದ ತೆಳುಗೂದಲು ಎಳೆಎಳೆಯಾಗಿ ಅಂಟಿಕೊಂಡು ನೆತ್ತಿಯ ಚರ್ಮವನ್ನು ತೋರಿಸಿಬಿಡುತ್ತದೆ. ಒಂದು ಪಕ್ಕದ ಕೂದಲನ್ನು ಉದ್ದ ಬಿಟ್ಟು ನೆತ್ತಿಯ ಮೇಲೆ ಎಳೆದು ಮುಚ್ಚುವ ಉಪಾಯ ಇಲ್ಲಿ ಮೊದಲ ಮಳೆಗೇ ಕೈಕೊಡುತ್ತದೆ. ಅದನ್ನು ಇವತ್ತೇ ಬಿಟ್ಟುಬಿಡಿ.

ಬೋಳು ಎದ್ದು ಕಾಣುವುದಕ್ಕೆ ಮೇಲಿನ ಕೊರತೆಯಷ್ಟೇ ಪಕ್ಕದ ದಟ್ಟಣೆಯೂ ಕಾರಣ. ವಂಶಪಾರಂಪರ್ಯವಾಗಿ ಬರುವ ಬೊಕ್ಕತಲೆಯಲ್ಲಿ ಕಿವಿಯ ಸುತ್ತಲಿನ, ಹೆಕ್ಕತ್ತಿನ ಕೂದಲು ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅದು ಒಂದು ತಿಂಗಳಲ್ಲಿ ಸುಮಾರು 1 ಸೆಂ.ಮೀ. ಬೆಳೆದು ಪಕ್ಕಕ್ಕೆ ಉಬ್ಬಿದರೆ ನೆತ್ತಿ ಇರುವುದಕ್ಕಿಂತ ಖಾಲಿಯಾಗಿ ಕಾಣುತ್ತದೆ. ಆದ್ದರಿಂದ ಕೆಲಸವೆಲ್ಲ ಪಕ್ಕದಲ್ಲಿ. ಅಲ್ಲಿ ಯಾವಾಗಲೂ ಮೇಲಿಗಿಂತ ಗಿಡ್ಡವಾಗಿರಬೇಕು.

ಹೋಗುವ ಮುಂಚೆ ಎಣ್ಣೆ ಹಚ್ಚದ, ಒಣಗಿದ ತಲೆಯ ಫೋಟೊ ತೆಗೆಸಿಕೊಳ್ಳಿ. ಕಿಟಕಿಯ ಬೆಳಕಿನಲ್ಲಿ ಮುಂದಿನಿಂದ ಒಂದು, ನೆತ್ತಿಯ ಮೇಲಿನಿಂದ ಒಂದು. ವೈದ್ಯರು ಹ್ಯಾಮಿಲ್ಟನ್–ನಾರ್ವುಡ್ ಪಟ್ಟಿಯಲ್ಲಿ ಗಂಡಸರ ಬೋಳನ್ನು 7 ಹಂತ ಮಾಡುತ್ತಾರೆ. ಕಟಿಂಗ್‌ಗೆ ಅಷ್ಟು ಬೇಡ, ಎಲ್ಲಿ ತೆಳುವಾಗಿದೆ ಎಂದು ಗೊತ್ತಾದರೆ ಸಾಕು.

ಹಣೆಯ ಎರಡು ಮೂಲೆ ಮಾತ್ರ ಹಿಂದೆ ಸರಿದಿದ್ದರೆ ಮೇಲೆ 3–4 ಸೆಂ.ಮೀ. ಉಳಿಸಿ, ಪಕ್ಕ 6 ಮಿ.ಮೀ., ಕಿವಿ ಹತ್ತಿರ ಇಳಿದು 3 ಮಿ.ಮೀ. ಮುಂದಿನ ಕೂದಲನ್ನು ಗೆರೆ ಎಳೆದಂತೆ ಕತ್ತರಿಸಬಾರದು. ಕತ್ತರಿಯ ತುದಿಯಿಂದ ಅಲ್ಲಲ್ಲಿ ಏರುಪೇರಾಗಿ ಕತ್ತರಿಸಿ ಹಣೆಯ ಕಡೆಗೆ ಬಿಟ್ಟರೆ ಮೂಲೆಗಳು ಮುಚ್ಚಿಕೊಳ್ಳುತ್ತವೆ. ನೇರವಾದ ಬೈತಲೆ ಬೇಡ. ಟ್ರಿಮ್ಮರ್‌ನಿಂದ ಕೊರೆದ ಬೈತಲೆಯಂತೂ ಬೇಡವೇ ಬೇಡ, ಅದು ಇನ್ನೊಂದು ಖಾಲಿ ಜಾಗವಾಗುತ್ತದೆ.

ಸುಳಿಯ ಜಾಗ ಕಷ್ಟದ್ದು, ಹೆಚ್ಚು ಕಟಿಂಗ್‌ಗಳು ಕೆಡುವುದೂ ಇಲ್ಲೇ. ಅಲ್ಲಿ ಕೂದಲು ಸುತ್ತುತ್ತಾ ಬೆಳೆಯುತ್ತದೆ. ಬಾಚಣಿಗೆಯಿಂದ ಮೇಲೆತ್ತಿ ಸಮತಟ್ಟಾಗಿ ಕತ್ತರಿಸಿದರೆ ಮರುದಿನ ಆ ಕೂದಲು ನೆಟ್ಟಗೆ ನಿಂತು ನಡುವಿನ ಚರ್ಮ ಕಣ್ಣಿನಂತೆ ತೆರೆದುಕೊಳ್ಳುತ್ತದೆ. ತೀರಾ ಉದ್ದ ಬಿಟ್ಟರೂ ಭಾರಕ್ಕೆ ಎರಡಾಗಿ ಸೀಳುತ್ತದೆ. ಸುಮಾರು 2–2.5 ಸೆಂ.ಮೀ. ಇಟ್ಟು, ಸುಳಿ ತಿರುಗುವ ದಿಕ್ಕಿನಲ್ಲೇ ಕತ್ತರಿಯಿಂದ ತೆಗೆಸಿ. ಸುಳಿಗಿಂತ ಮುಂದಿರುವ ಕೂದಲು ಸ್ವಲ್ಪ ಉದ್ದವಿದ್ದು ಅದರ ಮೇಲೆ ಒರಗುವಂತಿದ್ದರೆ ಒಳ್ಳೆಯದು.

ಮುಂದೆ, ಮೇಲೆ, ಹಿಂದೆ ಎಲ್ಲ ಕಡೆಯೂ ತೆಳುವಾಗಿದ್ದರೆ ಮಿಷಿನ್ನೇ ಒಳ್ಳೆಯದು. ಮೇಲೆ 6, ಪಕ್ಕ 3 ಮಿ.ಮೀ. ನೆತ್ತಿಯಲ್ಲಿ ಕೂದಲಿಗಿಂತ ಚರ್ಮವೇ ಹೆಚ್ಚಾಗಿದ್ದರೆ ಎಲ್ಲ ಕಡೆ 1.5, ಅಥವಾ ಪೂರ್ತಿ ಬೋಳು. ಮೊದಲ ಸಲ ಒಮ್ಮೆಗೇ ಇಷ್ಟು ಇಳಿಯಬೇಕಿಲ್ಲ. 12ರಿಂದ ಶುರುಮಾಡಿ, ಕನ್ನಡಿ ನೋಡಿ, ಆಮೇಲೆ 9. ಇಳಿಸುವುದು ಕ್ಷಣದ ಕೆಲಸ, ಹೆಚ್ಚಾಗಿ ತೆಗೆದದ್ದು ಬೆಳೆಯಲು ವಾರಗಳು ಬೇಕು.

ಕುರ್ಚಿಯಲ್ಲಿ ಕೂತು “ಶಾರ್ಟ್ ಮಾಡಿ” ಎಂದರೆ ಏನೂ ಹೇಳಿದಂತಾಗಲಿಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು ಎಲ್ಲ ಕೇಳಿಬರುವ ಊರುಗಳಲ್ಲಿ ಅಂಕಿಯೇ ಎಲ್ಲರಿಗೂ ತಿಳಿಯುವ ಭಾಷೆ. ಅದರಲ್ಲೂ ಒಂದು ಮೋಸವಿದೆ: ದೊಡ್ಡ ಕ್ಲಿಪ್ಪರ್‌ನ 2ನೇ ನಂಬರ್ ಗಾರ್ಡ್ (ಬ್ಲೇಡಿಗೆ ಸಿಕ್ಕಿಸುವ ಬಾಚಣಿಗೆ) ಎಂದರೆ 6 ಮಿ.ಮೀ., ಕೆಲವು ಟ್ರಿಮ್ಮರ್‌ಗಳಲ್ಲಿ 2 ಎಂದರೆ ಬರೀ 2 ಮಿ.ಮೀ. ಆದ್ದರಿಂದ ಮಿಲಿಮೀಟರ್‌ನಲ್ಲೇ ಹೇಳಿ, ಮೊದಲು ಹೆಕ್ಕತ್ತಿನಲ್ಲಿ ಒಂದು ಸಲ ಓಡಿಸಿ ನೋಡಲು ಕೇಳಿ. ಹೀಗೆ ಹೇಳಿದರೆ ಸಾಕು: “ಅಣ್ಣ, ಪಕ್ಕ ಆರು ಮಿಲಿ, ಕಿವಿ ಹತ್ರ ಮೂರು. ಮೇಲೆ ಮಿಷಿನ್ ಬೇಡ, ಕತ್ತರೀಲೇ ತೆಗೀರಿ. ಹಲ್ಲಿನ ಕತ್ತರಿ ಹಾಕ್ಬೇಡಿ.”

ಕೊನೆಯ ಮಾತು ಮರೆಯಬೇಡಿ. ಹಲ್ಲುಹಲ್ಲಿನ ಆ ಕತ್ತರಿ ಇರುವುದೇ ದಟ್ಟ ಕೂದಲನ್ನು ತೆಳು ಮಾಡಲು. ಅಭ್ಯಾಸಬಲದಿಂದ ಕೊನೆಯಲ್ಲಿ ನಾಲ್ಕು ಸಲ ಆಡಿಸಿಬಿಡುತ್ತಾರೆ, ಉಳಿದ ಸ್ವಲ್ಪವೂ ಹೋಗುತ್ತದೆ.

ನೀರು ಚಿಮುಕಿಸಿ ಕತ್ತರಿಸಿದ ಕೂದಲು ಒಣಗಿದ ಮೇಲೆ ಇನ್ನಷ್ಟು ಗಿಡ್ಡವಾಗಿ ಕಾಣುತ್ತದೆ. ಹಾಗಾಗಿ ಮೊದಲು ಅರ್ಧ ಸೆಂ.ಮೀ. ಹೆಚ್ಚೇ ಬಿಡಿಸಿ, ಒಣಗಿಸಿ, ಹಿಂದೆ ಕೈಗನ್ನಡಿ ಹಿಡಿಸಿ ಸುಳಿ ನೋಡಿ, ಆಮೇಲೆ ಬೇಕಾದರೆ ತೆಗೆಸಿ. ಹಿಂದಿನ ರಾತ್ರಿಯೇ ಶಾಂಪೂ ಹಾಕಿ ಸ್ನಾನ ಮಾಡಿರಬೇಕು. ತೆಂಗಿನೆಣ್ಣೆ ಇದ್ದರೆ ಕೂದಲು ಗುಂಪುಗುಂಪಾಗುತ್ತದೆ, ಎಲ್ಲಿ ಎಷ್ಟಿದೆ ಎಂದು ತಿಳಿಯುವುದಿಲ್ಲ.

ಹೆಚ್ಚಿನ ಕಟಿಂಗ್ ಶಾಪ್‌ಗಳಿಗೆ ಮಂಗಳವಾರ ರಜೆ, ಭಾನುವಾರ ನೂಕುನುಗ್ಗಲು. ಮಡಿಕೇರಿಯಲ್ಲಿ ಶುಕ್ರವಾರ ಸಂತೆಯ ಜನ. ತೆಳುಗೂದಲಿಗೆ ನಿಧಾನದ ಕೈ ಬೇಕು, ಬುಧವಾರವೋ ಗುರುವಾರವೋ ಬೆಳಿಗ್ಗೆ ಹೋಗಿ. ಮಳೆಗಾಲದಲ್ಲಿ ಕರೆಂಟ್ ಹೋಗಿದ್ದರೆ ಟ್ರಿಮ್ಮರ್‌ನಲ್ಲಿ ಚಾರ್ಜ್ ಎಷ್ಟಿದೆ ಎಂದು ಕೇಳಿಯೇ ಕೂತುಕೊಳ್ಳಿ. ಸೋತ ಮೋಟಾರು ಕೂದಲನ್ನು ಕತ್ತರಿಸುವ ಬದಲು ಹಿಡಿದು ಎಳೆಯುತ್ತದೆ. ಕಿವಿ ಪಕ್ಕ ರೇಜರ್ ಹಾಕುವ ಮುಂಚೆ ಹೊಸ ಬ್ಲೇಡನ್ನು ನಿಮ್ಮೆದುರೇ ಹಾಕಿಸಿ. ಕೊನೆಗೆ ಕತ್ತು ತಿರುಗಿಸಿ ಲಟಕ್ಕೆನ್ನಿಸಲು ಬಂದರೆ ಬೇಡ ಎನ್ನಿ. ಮಿದುಳಿಗೆ ಹೋಗುವ ರಕ್ತನಾಳ ಕತ್ತಿನ ಮೂಳೆಗಳ ನಡುವೆ ಹಾದುಹೋಗುತ್ತದೆ. ಅದು ಸೀಳಿ ಪಾರ್ಶ್ವವಾಯು ಆಗುವುದು ಅಪರೂಪವಾದರೂ ನಿಜ.

ಮನೆಯಲ್ಲಿ ಜೆಲ್ ಬೇಡ, ಹೊಳಪಿಗೆ ನೆತ್ತಿ ಮಿಂಚುತ್ತದೆ. ಹೊಳಪಿಲ್ಲದ ವ್ಯಾಕ್ಸ್ ಅಥವಾ ಕ್ಲೇ ಬಟಾಣಿ ಕಾಳಿನ ಅರ್ಧದಷ್ಟು ಅಂಗೈಯಲ್ಲಿ ಉಜ್ಜಿ, ಒಣಗಿದ ಕೂದಲಿಗೆ ಬೆರಳಿನಿಂದ ಹಚ್ಚಿ. ಬೋಳು ಮುಚ್ಚಲು ಉದುರಿಸುವ ಪುಡಿ ಜೋರು ಮಳೆಗೆ ಇಳಿದು ಕಾಲರ್ ಹಾಳುಮಾಡಬಹುದು. ಬಣ್ಣ ಹಾಕುವವರು ಕಡುಗಪ್ಪು ಬಿಟ್ಟು ಗಾಢ ಕಂದು ಆರಿಸಿ. ಚರ್ಮಕ್ಕೂ ಬಣ್ಣಕ್ಕೂ ಅಂತರ ಕಡಿಮೆಯಾದಷ್ಟೂ ಕೂದಲು ದಟ್ಟವಾಗಿ ಕಾಣುತ್ತದೆ.

ಬೋಳಿಸಿದರೆ ದಟ್ಟವಾಗಿ ಬರುತ್ತದೆ, ಟೋಪಿ ಹಾಕಿದರೆ ಉದುರುತ್ತದೆ ಎಂಬ ಎರಡು ಮಾತೂ ಸುಳ್ಳು. ಜನವರಿ ಬಿಸಿಲಲ್ಲಿ ಕಾಫಿ ಕುಯ್ಲಿಗೆ ನಿಲ್ಲುವವರು ಗಿಡ್ಡ ಕಟಿಂಗ್ ಮಾಡಿಸಿದ್ದರೆ ಟೋಪಿ ಹಾಕಲೇಬೇಕು, ಇಲ್ಲದಿದ್ದರೆ ನೆತ್ತಿ ಸುಡುತ್ತದೆ. ಆದರೆ ನಾಣ್ಯದಾಕಾರದಲ್ಲಿ ಕೂದಲು ಹೋಗಿದ್ದರೆ ಅಥವಾ ಕೆಲವೇ ವಾರಗಳಲ್ಲಿ ಗೊಂಚಲಾಗಿ ಉದುರಿದರೆ ಕಟಿಂಗ್‌ಗಿಂತ ಮೊದಲು ಚರ್ಮವೈದ್ಯರಿಗೆ ತೋರಿಸಿ.

ಮದುವೆಗೆ ಮಂಡೆ ತುಣಿ (ಕೊಡವರ ಪೇಟ) ಧರಿಸುವವರು ನಾಲ್ಕೈದು ದಿನ ಮುಂಚೆ ಕಟಿಂಗ್ ಮುಗಿಸಿ. ಆಗ ಎಲ್ಲರಿಗೂ ಕಾಣುವುದು ಕಿವಿಯ ಪಕ್ಕ ಮತ್ತು ಹೆಕ್ಕತ್ತು, ಅಲ್ಲಿ ಚೌಕದ ಗೆರೆ ಬೇಡ, ನಿಧಾನವಾಗಿ ಕರಗುವಂತೆ ಇಳಿಸಿ. ಊಟಕ್ಕೆ ತುಣಿ ತೆಗೆದಾಗ ಕೂದಲು ಒತ್ತಿಹೋಗಿರುತ್ತದೆ. ನೀರು ಹಚ್ಚದೆ, ಒಣ ಬೆರಳನ್ನು ಬೇರಿನವರೆಗೆ ಹಾಕಿ ನಾಲ್ಕು ಸಲ ಕೆದರಿದರೆ ಮತ್ತೆ ಏಳುತ್ತದೆ.