ಲೈನರ್ ಸ್ಟಡ್ ಮುರಿದರೆ ಸ್ಕ್ರೂ ಹೊಡೆದು ಕೈತೊಳೆದುಕೊಳ್ಳಬೇಡಿ

ಮಳೆ ಹಿಡಿದು ನಾಲ್ಕು ದಿನ ಆಗುವುದೇ ತಡ, ನಮ್ಮ ಕುಂದಾಪುರ ಕಡೆ ಎಷ್ಟೋ ಕಾರುಗಳ ಚಕ್ರದ ಗೂಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಅದೇ ಲೈನರ್, ಜೋತಾಡಲು ಶುರುವಾಗುತ್ತದೆ. ಅದಕ್ಕೆ ಒಬ್ಬರು ಪ್ಯಾಕಿಂಗ್ ದಾರ ಕಟ್ಟಿರುತ್ತಾರೆ, ಇನ್ನೊಬ್ಬರು ಜಿಪ್ ಟೈ ಹಾಕಿರುತ್ತಾರೆ, ಮತ್ತೊಬ್ಬ ಮಹಾರಾಯ ಬಾಗಿಲ ಚೌಕಟ್ಟಿಗೆ ಹೊಡೆಯುವ ಮರದ ಸ್ಕ್ರೂವನ್ನೇ ತಿರುಗಿಸಿ ಬಿಟ್ಟಿರುತ್ತಾನೆ. ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ಲಕ್ಷಗಟ್ಟಲೆ ಕೊಟ್ಟು ಕಾರು ತರುತ್ತೀರಿ, ಹತ್ತು ರೂಪಾಯಿಯ ನಟ್ಟಿಗೆ ಅರ್ಧ ದಿನ ಕೊಡಲು ಆಗುವುದಿಲ್ಲ ಅಂದರೆ ಏನರ್ಥ?

ನಮ್ಮ ಮನೆಯವರು ಟ್ಯಾಕ್ಸಿ ಇಟ್ಟಿದ್ದರು. ಮನೆ ಹಿಂದೆಯೇ ಶೆಡ್ಡು. ಅವರು ಕಾರಿನಡಿ ಮಲಗಿದಾಗ ಸ್ಪ್ಯಾನರ್ ಎತ್ತಿಕೊಡುವುದರಿಂದ ಶುರುವಾದ ನನ್ನ ಕೆಲಸ, ಕೊನೆಗೆ ಅವರನ್ನು ಬದಿಗೆ ಸರಿಸಿ ನಾನೇ ಮಲಗುವ ತನಕ ಬಂತು. ಆಗಿನ ಅಂಬಾಸಿಡರ್‌ಗೆ ಈ ಲೈನರ್ ರಗಳೆ ಇರಲಿಲ್ಲ. ಗೂಡು ಬರೀ ತಗಡು. ಕೆಸರು ನೇರ ತಗಡಿಗೇ ಹೊಡೆದು, ಹೆಡ್‌ಲೈಟಿನ ಹಿಂದಿನ ಮೂಲೆಯಲ್ಲಿ ಗಟ್ಟಿಯಾಗಿ ಕೂತು, ಒಳಗಿನಿಂದಲೇ ತುಕ್ಕು ತಿನ್ನುತ್ತಿತ್ತು. ಮಳೆಗಾಲ ಮುಗಿದ ಮೇಲೆ ಆ ಮೂಲೆಗೆ ಪೈಪ್ ಹಿಡಿದು ಕೆಂಪು ನೀರು ಹೋಗಿ ಬಿಳಿ ನೀರು ಬರುವ ತನಕ ತೊಳೆಯುವುದು ನನ್ನ ಪಾಲಿನ ಕೆಲಸ. ಅದಕ್ಕೇ ಹೇಳುವುದು, ಲೈನರ್ ಅಂದರೆ ಬರೀ ಚಂದಕ್ಕೆ ಅಲ್ಲ. ಈಗಿನ ಕಾರಿನಲ್ಲಿ ಅದರ ಹಿಂದೆ ವೈರಿಂಗ್ ಇದೆ, ಹಾರ್ನ್ ಇದೆ, ಕೆಲವಕ್ಕೆ ವೈಪರ್ ನೀರಿನ ಡಬ್ಬಿ, ಎಂಜಿನ್ ಬೆಲ್ಟ್ ಎಲ್ಲ ಇದೆ. ಒಂದು ತುದಿ ಬಿಟ್ಟುಕೊಂಡರೆ ಹೈವೇಯಲ್ಲಿ ಗಾಳಿ ಹಿಡಿದು ಟೈರಿಗೆ ತಾಗುತ್ತದೆ, ಟೈರು ಅದನ್ನು ಎಳೆದು ಹರಿದು ಹಾಕುತ್ತದೆ.

ಸ್ಟಡ್ ಯಾಕೆ ಮುರಿಯುತ್ತದೆ ಅಂತ ಮೊದಲು ತಿಳಿಯಿರಿ. ಗೂಡಿನ ತಗಡಿಗೆ ವೆಲ್ಡ್ ಮಾಡಿದ, ಥ್ರೆಡ್ ಇರುವ ಸಣ್ಣ ಕಡ್ಡಿ ಅದು, ಲೈನರ್ ತೂರಿಸಿ ನಟ್ ಬಿಗಿಯುವುದು ಅದಕ್ಕೇ. ಸಾಮಾನ್ಯವಾಗಿ 5 ಅಥವಾ 6 ಎಂಎಂ. ಸಮುದ್ರದ ಉಪ್ಪು ಗಾಳಿ, ಅದರ ಮೇಲೆ ಕೆಸರು. ನಟ್ಟೂ ಸ್ಟಡ್ಡೂ ಸೇರಿ ಒಂದೇ ಗಡ್ಡೆ ಆಗಿರುತ್ತದೆ. ಬಲ್ಬ್ ಬದಲಿಸುವುದಕ್ಕೆ ಲೈನರ್ ಬಿಚ್ಚಲು ಬಂದ ಹುಡುಗ ಕೆಸರು ಕೂಡ ಒರೆಸದೆ ಸ್ಪ್ಯಾನರ್ ಇಟ್ಟು ಒಂದೇ ಸಲ ತಿರುಗಿಸುತ್ತಾನೆ. ಟಕ್ ಅಂತ ಮುರಿಯುತ್ತದೆ. ಅವನು ಹೇಳುವುದೂ ಇಲ್ಲ, ಉಳಿದ ಎರಡು ಕ್ಲಿಪ್ ಒತ್ತಿ ಕಳಿಸಿಬಿಡುತ್ತಾನೆ.

ಆದ್ದರಿಂದ ಹಿಂದಿನ ದಿನ ಸಂಜೆಯೇ ತೊಳೆಯಿರಿ. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಸ್ಪ್ರೇ ಬ್ರೇಕ್ ಡಿಸ್ಕಿಗೆ ತಾಗದ ಹಾಗೆ ಬಟ್ಟೆ ಮುಚ್ಚಿ. ಕೊಬ್ಬರಿ ಎಣ್ಣೆ ಹಾಕಿದೆ ಅನ್ನಬೇಡಿ, ಅದು ತಲೆಗೆ. ಬೆಳಿಗ್ಗೆ ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ಬಿಗಿದು, ಮತ್ತೆ ಬಿಚ್ಚಿ. ಕೈಗೆ ಬಿಗಿ ಹತ್ತಿದ ಕಡೆ ನಿಲ್ಲಿಸಿ, ಇನ್ನೊಮ್ಮೆ ಸ್ಪ್ರೇ. ಬೆಂಕಿ ತೋರಿಸುವ ಬುದ್ಧಿ ಬೇಡ, ಪಕ್ಕದಲ್ಲೇ ಬ್ರೇಕಿನ ರಬ್ಬರ್ ಪೈಪ್ ಇರುತ್ತದೆ. ಜಾಕ್ ಒಂದನ್ನೇ ನಂಬಿ ಗೂಡಿನೊಳಗೆ ತಲೆ ಹಾಕಬಾರದು, ಸ್ಟ್ಯಾಂಡ್ ಇಡಿ, ಬೇರೆ ಚಕ್ರಕ್ಕೆ ಕಲ್ಲು ಕೊಡಿ. ಇದನ್ನೆಲ್ಲ ಹೇಳಿಸಿಕೊಳ್ಳುವ ವಯಸ್ಸಲ್ಲ ನಿಮ್ಮದು.

ಇಷ್ಟಾದರೂ ಮುರಿಯಿತು ಅಂತಿಟ್ಟುಕೊಳ್ಳಿ. ಅರ್ಧ ಸ್ಟಡ್ ಉಳಿದಿದ್ದರೆ ಅದೃಷ್ಟ. ಥ್ರೆಡ್ ಚೊಕ್ಕ ಮಾಡಿ ಅಗಲ ವಾಷರ್, ತೆಳು ನಟ್ ಹಾಕಿದರೆ ಸಾಕು. ಬುಡಕ್ಕೇ ಮುರಿದಿದ್ದರೆ, ತಗಡಿನ ಹಿಂದೆ ಕೈ ಹೋಗುತ್ತದಾ ನೋಡಿ. ಹೋದರೆ ಮುರಿದ ಜಾಗದಲ್ಲಿ ತೂತು ಕೊರೆದು ಹಿಂದಿನಿಂದ ಬೋಲ್ಟ್ ತೂರಿಸಿ, ಕೆಲಸ ಮುಗಿಯಿತು. ಕೈ ಹೋಗದಿದ್ದರೆ ಗ್ಯಾರೇಜಿನಲ್ಲಿ ರಿವೆಟ್ ನಟ್, ಅಂದರೆ ತೂತಿಗೆ ತೂರಿಸಿ ಹಿಂದೆ ಉಬ್ಬಿಸಿ ಕೂರಿಸುವ ನಟ್, ಹಾಕುತ್ತಾರೆ. ತಪ್ಪಲ್ಲ, ಆದರೆ 6 ಎಂಎಂ ಬೋಲ್ಟಿಗೆ 9 ಎಂಎಂ ತೂತು ಬೇಕು, ಸುತ್ತ ತುಕ್ಕು ತಿಂದ ತಗಡಾದರೆ ಅದು ನಿಲ್ಲುವುದಿಲ್ಲ, ಬೋಲ್ಟಿನ ಜೊತೆ ತಾನೂ ಗರಗರ ಸುತ್ತುತ್ತದೆ.

ನಾನು ಮಾಡುವುದು ತಂಗೂಸಿ ಉಪಾಯ, ತಂಗೂಸಿ ಅಂದರೆ ಮೀನು ಹಿಡಿಯುವ ನೈಲಾನ್ ದಾರ. ನಮ್ಮ ಮನೆಯವರು ಮೊದಮೊದಲು ನಗುತ್ತಿದ್ದರು, ಆಮೇಲೆ ಗಿರಾಕಿಗಳ ಕಾರಿಗೂ ನನ್ನನ್ನೇ ಕರೆಯುತ್ತಿದ್ದರು. ಗೂಡಿನ ತಗಡಿನಲ್ಲಿ ಸ್ಟಡ್ಡಿನ ಆಸುಪಾಸಿನಲ್ಲಿ ಎಲ್ಲಾದರೂ ರಬ್ಬರ್ ಮುಚ್ಚಳ ಹಾಕಿದ ದೊಡ್ಡ ತೂತು ಇದೆಯಾ ಹುಡುಕಿ, ಬಹಳ ಕಾರುಗಳಲ್ಲಿ ಇರುತ್ತದೆ. ಮುರಿದ ಬುಡದ ನಡುವಿಗೆ ಪಂಚ್ ಹೊಡೆದು, ಮೊದಲು 3 ಎಂಎಂ, ಆಮೇಲೆ ಆರೂವರೆ ಎಂಎಂ ಡ್ರಿಲ್. ಹಿಂದೆ ಏನಿದೆ ಅಂತ ಟಾರ್ಚ್ ಬಿಟ್ಟು ನೋಡದೆ ಡ್ರಿಲ್ ಮುಟ್ಟಬೇಡಿ. ಹಿಂದಿನ ಚಕ್ರವಾದರೆ, ಪೆಟ್ರೋಲ್ ಮುಚ್ಚಳ ಇರುವ ಬದಿಯ ಗೂಡಿನೊಳಗೇ ಟ್ಯಾಂಕಿಗೆ ಹೋಗುವ ಪೈಪ್ ಇರುತ್ತದೆ. ಆ ಬದಿಗೆ ಡ್ರಿಲ್ ಬೇಡವೇ ಬೇಡ, ಗೊತ್ತಿರುವ ಟಿಂಕರ್ ಹತ್ತಿರ ಹೋಗಿ.

ಈಗ ಬೋಲ್ಟ್ ತಯಾರಿ. 6 ಎಂಎಂ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್, ತಲೆತನಕ ಥ್ರೆಡ್ ಇರುವಂಥದ್ದು, ಕಿರುಬೆರಳಿನ ಎರಡು ಗೆಣ್ಣಿನಷ್ಟು ಉದ್ದ ಇರಲಿ. ತುದಿಯ ಥ್ರೆಡ್ಡನ್ನು ಅಕ್ಕಿಕಾಳಿನಷ್ಟು ಉದ್ದಕ್ಕೆ ಅರದಿಂದ ಉಜ್ಜಿ, ನಟ್ ತಾನಾಗಿ ಜಾರಿ ಹೋಗುವಷ್ಟು ಸಣ್ಣ ಮಾಡಿ. ಆ ಸಣ್ಣ ಕುತ್ತಿಗೆಯ ಎರಡು ಬದಿ ಚಪ್ಪಟೆ ಮಾಡಿ, ಅಡ್ಡಕ್ಕೆ ಸೂಜಿಗಾತ್ರದ ತೂತು ತೆಗೆಯಿರಿ. ಬೋಲ್ಟಿನ ತಲೆಯಡಿ ಅಗಲ ವಾಷರ್ ಇಟ್ಟು ಎಪಾಕ್ಸಿ ಮೇಣ ಮೆತ್ತಿ ರಾತ್ರಿ ಒಣಗಲು ಬಿಡಿ, ಇಲ್ಲದಿದ್ದರೆ ಒಳಗೆ ವಾಷರ್ ಸೊಟ್ಟಗೆ ನಿಂತು ಪ್ರಾಣ ತಿನ್ನುತ್ತದೆ. ವಾಷರ್ ಆ ದೊಡ್ಡ ತೂತಿನಲ್ಲಿ ತೂರುತ್ತದಾ ಅಂತ ಮೊದಲೇ ನೋಡಿಕೊಳ್ಳಿ, ಅದನ್ನೂ ನಾನೇ ಹೇಳಬೇಕಾ?

ಸಣ್ಣ ಬೈಂಡಿಂಗ್ ತಂತಿಯ ತುದಿ ಕೊಕ್ಕೆ ಮಾಡಿ ಸ್ಟಡ್ಡಿನ ತೂತಿನಿಂದ ಒಳಗೆ ಬಿಟ್ಟು ದೊಡ್ಡ ತೂತಿನಲ್ಲಿ ಹೊರಗೆ ತೆಗೆಯಿರಿ. ಸಿಗದಿದ್ದರೆ ಹಳೆ ಸ್ಪೀಕರಿನ ಅಯಸ್ಕಾಂತ ಹಿಡಿದು ಕರೆಯಿರಿ, ಬರುತ್ತದೆ. ತಂಗೂಸಿಯ ಒಂದು ತುದಿಯನ್ನು ಬೋಲ್ಟಿನ ತೂತಿಗೆ ಗಂಟು ಹಾಕಿ, ಇನ್ನೊಂದು ತುದಿಯನ್ನು ಕೊಕ್ಕೆಗೆ ಕಟ್ಟಿ ತಂತಿಯನ್ನು ವಾಪಸ್ ಎಳೆಯಿರಿ. ಲಂಗಕ್ಕೆ ಲಾಡಿ ಪೋಣಿಸಿದ ಹಾಗೆ, ಅವಸರ ಮಾಡಿದರೆ ನಡುವೆ ಸಿಕ್ಕಿಕೊಳ್ಳುತ್ತದೆ. ಬೋಲ್ಟ್ ದೊಡ್ಡ ತೂತಿನಲ್ಲಿ ಒಳಗೆ ಹೋಗಿ, ಟಿಕ್ ಅಂತ ತಗಡಿಗೆ ತಾಗಿ, ಸಣ್ಣ ತೂತಿನಲ್ಲಿ ಮೂತಿ ತೋರಿಸುತ್ತದೆ. ಆ ಸದ್ದು ಕೇಳಿದರೆ ನನಗೆ ಈಗಲೂ ಖುಷಿ.

ತಂಗೂಸಿ ಕತ್ತರಿಸಬೇಡಿ! ಕತ್ತರಿಸಿದರೆ ಬೋಲ್ಟ್ ಒಳಗೆ ಬಿದ್ದು, ಕಾರು ಇರುವ ತನಕ ಗಿಲಕಿ ಆಡುತ್ತದೆ. ವಾಷರನ್ನೂ ನಟ್ಟನ್ನೂ ತಂಗೂಸಿಗೆ ಪೋಣಿಸಿ, ದಾರ ಬಿಗಿಯಾಗಿ ಎಳೆದು ಹಿಡಿದು, ಬೆರಳಿನಿಂದಲೇ ನಟ್ ತಿರುಗಿಸಿ. ನಾಲ್ಕು ಸುತ್ತು ಹಿಡಿದ ಮೇಲೆ ಚಪ್ಪಟೆ ಕುತ್ತಿಗೆ ಹೊರಗೆ ಬರುತ್ತದೆ. ಅದನ್ನು ನೋಸ್ ಪ್ಲೈಯರಿನಲ್ಲಿ ಹಿಡಿದು 10 ನಂಬರ್ ಸ್ಪ್ಯಾನರಿನಲ್ಲಿ ಬಿಗಿಯಿರಿ. ಈಗ ಅದೇ ನಿಮ್ಮ ಹೊಸ ಸ್ಟಡ್. ಕೊರೆದ ಅಂಚಿಗೆ ಬಿಗಿಯುವ ಮೊದಲೇ ಪ್ರೈಮರ್ ಹಚ್ಚಿರಬೇಕು. ಬಿಗಿದ ಮೇಲೆ ಸುತ್ತ ಸ್ವಲ್ಪ ಸೀಲೆಂಟ್, ಥ್ರೆಡ್ಡಿಗೆ ಗ್ರೀಸ್. ಬರಿಯ ತಗಡಿಗೆ ಸ್ಟೇನ್‌ಲೆಸ್ ಬೋಲ್ಟ್ ತಾಗಿಸಿ ಉಪ್ಪುಗಾಳಿಗೆ ಬಿಟ್ಟರೆ ತಗಡೇ ಬೇಗ ತುಕ್ಕು ಹಿಡಿಯುತ್ತದೆ.

ಇದರ ಮೇಲೆ ಲೈನರ್, ಮತ್ತೆ ಅಗಲ ವಾಷರ್, ನೈಲಾನ್ ಬಳೆ ಇರುವ ನಟ್. ಜೋರು ಬಿಗಿಯಬೇಡಿ, ವಾಷರ್ ಬೆರಳಿಗೆ ತುಸು ಅಲ್ಲಾಡಿದರೆ ಸರಿ, ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗಲು ಜಾಗ ಬೇಕು. ಕುಕ್ಕರ್ ಹಿಡಿಯ ಸ್ಕ್ರೂಗೂ ಇದೇ ಮಾತು. ಸಡಿಲವಾಯಿತು ಅಂತ ಸಿಟ್ಟಿನಲ್ಲಿ ಬಿಗಿದು ಹಿಡಿ ಸೀಳಿಸಿ, ಆಮೇಲೆ ಕಂಪನಿಗೆ ಬೈಯುವ ಸೊಸೆಯಂದಿರನ್ನು ಕಂಡಿದ್ದೇನೆ. ಹೊರಗೆ ಉಳಿದ ಬೋಲ್ಟಿನ ಉದ್ದವನ್ನು ಹ್ಯಾಕ್ಸಾದಿಂದ ಕತ್ತರಿಸಿ, ನಟ್ಟಿನಾಚೆ ಎರಡು ಥ್ರೆಡ್ ಬಿಟ್ಟರೆ ಸಾಕು. ಟೈರಿನ ಕಡೆಗೆ ಮೊನೆ ಚಾಚಿಕೊಂಡಿರಬಾರದು.

ಲೈನರಿನ ತೂತೇ ಹರಿದಿದ್ದರೆ ಸೂಪರ್ ಗ್ಲೂ ಸುರಿದು ದುಡ್ಡು ಹಾಳು ಮಾಡಬೇಡಿ. ಬಹಳಷ್ಟು ಲೈನರ್ ಪಾಲಿಪ್ರೊಪಿಲೀನ್, ಹಿಂಬದಿಯಲ್ಲಿ ಪಿಪಿ ಅಂತ ಅಚ್ಚು ಹಾಕಿರುತ್ತಾರೆ, ಅದಕ್ಕೆ ಅಂಟು ಹಿಡಿಯುವುದಿಲ್ಲ. ಅದೇ ಪಿಪಿ ಗುರುತಿರುವ ಒಡೆದ ಬಕೆಟಿನಿಂದ ಒಂದು ತುಂಡು ಕತ್ತರಿಸಿ, ಸಾಲ್ಡರಿಂಗ್ ಕಡ್ಡಿಯಿಂದ ಅಂಚು ಕರಗಿಸಿ ಕೂಡಿಸಿ, ತಣ್ಣಗಾದ ಮೇಲೆ ಹೊಸ ತೂತು ತೆಗೆಯಿರಿ. ಕಿಟಕಿ ತೆರೆದಿಡಿ, ಹೊಗೆ ಕೆಟ್ಟದು.

ಒತ್ತುವ ಕ್ಲಿಪ್ಪುಗಳನ್ನು ಕಿತ್ತು ಮುರಿಯುವವರಿಗೂ ಒಂದು ಮಾತು. ನಡುವಿನ ಪಿನ್ನಿಗೆ ಪ್ಲಸ್ ಗುರುತು ಇದ್ದರೆ ಅದನ್ನು ತಿರುಗಿಸಿ ಮೇಲೆ ಎಬ್ಬಿಸಿ ತೆಗೆಯಬೇಕು. ಬರೀ ಚಪ್ಪಟೆ ಇದ್ದರೆ ಹೆಚ್ಚಿನವನ್ನು ನಡುವಿಗೆ ಸ್ವಲ್ಪವೇ ಒತ್ತಿದರೆ ಸಡಿಲ ಆಗುತ್ತದೆ. ಹೊಸ ನೈಲಾನ್ ಕ್ಲಿಪ್ ಒಣಗಿ ಬಿರುಸಾಗಿದ್ದರೆ ಬಿಸಿನೀರಿನಲ್ಲಿ ಒಂದಷ್ಟು ಹೊತ್ತು ನೆನೆಹಾಕಿ, ನೈಲಾನ್ ನೀರು ಕುಡಿದು ಮೆತ್ತಗಾಗುತ್ತದೆ, ಕಾಲು ಮುರಿಯುವುದಿಲ್ಲ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯಲ್ಲಿ ಹಳೆ ಕ್ಲಿಪ್ ತೋರಿಸಿ ಕೊಳ್ಳಿ, ಅಂದಾಜಿಗೆ ತಂದರೆ ತೂತಿಗೆ ಕೂರುವುದಿಲ್ಲ.

ಎಲ್ಲ ಕೂಡಿಸುವಾಗ ಮೇಲ್ಗಡೆ ನಡುವಿನಿಂದ ಶುರುಮಾಡಿ ಎರಡೂ ಬದಿಗೆ ಬನ್ನಿ. ಎಲ್ಲವೂ ತೂತಿಗೆ ಕೂತ ಮೇಲೆ ಬಿಗಿಯಿರಿ. ಲೈನರಿನ ಒಳಮೈಗೆ ಸೀಮೆಸುಣ್ಣ ಗೀಚಿ, ಹಿಂದಿನ ಸೀಟಿಗೆ ಇಬ್ಬರನ್ನು ಕೂರಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಹಂಪು ಇರುವ ರಸ್ತೆಯಲ್ಲಿ ನಿಧಾನ ಒಂದು ಸುತ್ತು ಬನ್ನಿ. ಸುಣ್ಣ ಎಲ್ಲಾದರೂ ಅಳಿಸಿದ್ದರೆ ಅಲ್ಲಿ ಟೈರು ತಾಗುತ್ತಿದೆ. ಹೆಚ್ಚಾಗಿ ಅದರ ಮೇಲಿನ ಕ್ಲಿಪ್ ಸರಿಯಾಗಿ ಒಳಗೆ ಹೋಗಿರುವುದಿಲ್ಲ, ಬಿಚ್ಚಿ ಮತ್ತೆ ಕೂರಿಸಿ.