ಆಟದ ಕಠಿಣತೆಯ ಬಗ್ಗೆ ವಾದಿಸುವಾಗ

2019ರಲ್ಲಿ ಬಂದ ‘ಸೆಕಿರೊ’ ವಿಡಿಯೊ ಗೇಮ್‌ನಲ್ಲಿ ಸುಲಭ, ಕಷ್ಟ ಎಂಬ ಹಂತಗಳ ಆಯ್ಕೆಯೇ ಇಲ್ಲದ ಕಾರಣ, ಅದು ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಇಂಥ ಚರ್ಚೆಗೆ ಇಳಿಯುವವರು “ಆಡಲು ಬಾರದವರ ಗೋಳು” ಎಂದು ಬರೆಯುವ ಮೊದಲು, ಎದುರಿನವರು ಎಲ್ಲಿಯವರೆಗೆ ಆಡಿದ್ದಾರೆ, ಯಾವ ಕಾದಾಟದಲ್ಲಿ ಸಿಕ್ಕಿಕೊಂಡರು, ಬೆರಳುಗಳ ನೋವಿನಂಥ ತೊಡಕೇನಾದರೂ ಇದೆಯೇ ಎಂದು ಕೇಳಿ ತಿಳಿಯುವುದು ಒಳಿತು. 2018ರ ‘ಸೆಲೆಸ್ಟ್’ನಲ್ಲಿ ಆಟದ ವೇಗವನ್ನೇ ತಗ್ಗಿಸಿಕೊಳ್ಳುವ ಅನುಕೂಲವಿದ್ದರೂ, ಅದನ್ನು ಬಳಸದವರಿಗೆ ಸವಾಲು ಕಿಂಚಿತ್ತೂ ಸಡಿಲವಾಗಲಿಲ್ಲ. ಹಾಗೆಂದು ಎಲ್ಲರಿಗೂ ಒಂದೇ ಸವಾಲಿರಲಿ ಎನ್ನುವವರ ವಾದವನ್ನು (ನನಗದು ಅಷ್ಟಾಗಿ ಒಪ್ಪಿಗೆಯಿಲ್ಲ) ಅಹಂಕಾರವೆಂದು ತಳ್ಳಿಹಾಕಬೇಡಿ. ಪದೇ ಪದೇ ಸೋತು ಕೊನೆಗೆ ಗೆದ್ದ ಖುಷಿಯಿಂದ ಹುಟ್ಟಿದ ಮಾತದು. “ಈ ಆಟವೇ ಕೆಟ್ಟದ್ದು” ಎನ್ನುವ ಬದಲು, ಯಾವ ಭಾಗ ಏಕೆ ಹಿಡಿಸಲಿಲ್ಲ ಎಂದು ಬರೆಯಿರಿ, ಕಥೆಯ ತಿರುವು ಹೇಳಬೇಕಾದರೆ ಮೊದಲೇ ಎಚ್ಚರಿಸಿ.